ಬೆನ್ನ ಮೇಲೆ ಹೆಸರಿಲ್ಲದ ಹುಡುಗರು

ಅಕ್ಟೋಬರ್ ಮುಗಿಯುತ್ತ ಬಂದಂತೆ ಧಾರವಾಡದಿಂದ ಅಣ್ಣನ ಫೋನು ಬಂದೇ ಬರುತ್ತದೆ. ಮನೆಮಂದಿಯ ಆರೋಗ್ಯ, ಮಳೆ, ಬೆಳೆ ಎಲ್ಲ ಮುಗಿದ ಮೇಲೆ ಕೊನೆಗೆ ಆ ಪ್ರಶ್ನೆ: “ಏನವಾ ತಂಗಿ, ಈ ಸರ್ತೆ ನಿಮ್ಮ ಕೆಂಪಂಗಿ ಹುಡುಗ್ರು ಏನ್ ಮಾಡ್ತಾರ?” ಈಚೆಗೆ ಓದುಗರೂ ಅದನ್ನೇ ಕೇಳತೊಡಗಿದ್ದಾರೆ. ಮಗನನ್ನೋ ಮಗಳನ್ನೋ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಓದಲು ಕಳಿಸಿದ ತಂದೆತಾಯಿಗಳ ಪತ್ರಗಳೇ ಹೆಚ್ಚು. “ಫೋನ್ ಮಾಡಿದರೆ ಪಾಠದ ಸುದ್ದಿ ಕಡಿಮೆ, ಬ್ಯಾಸ್ಕೆಟ್‌ಬಾಲ್ ಸುದ್ದಿ ಜಾಸ್ತಿ. ಕಾಲೇಜು ಹುಡುಗರ ಆಟಕ್ಕೆ ಅಲ್ಲಿ ಯಾಕಿಷ್ಟು ಗದ್ದಲ? ಈ ವರ್ಷ ನಿಮ್ಮ ತಂಡದಿಂದ ಏನು ನಿರೀಕ್ಷೆ ಇಟ್ಟುಕೊಳ್ಳಬಹುದು?” ಎಂದು ಒಬ್ಬರು ಬರೆದಿದ್ದಾರೆ. ಬ್ಲೂಮಿಂಗ್ಟನ್ ಎಂಬ ಈ ಊರಿನಲ್ಲಿ ಇಪ್ಪತ್ತು ಚಳಿಗಾಲ ಕಳೆದವಳು ನಾನು. ಇಲ್ಲಿ ನಿರೀಕ್ಷೆ ಎಂಬ ಮಾತಿಗೆ ಎಷ್ಟು ತೂಕವಿದೆ ಎಂದು ಬಲ್ಲೆ. ಹಾಗಾಗಿ ಅದನ್ನೇ ಬಿಡಿಸಿ ಹೇಳುವ ಆಸೆ.

ನಾನು ಧಾರವಾಡದಲ್ಲಿ ಓದುವಾಗ ನಮ್ಮ ಕಾಲೇಜಿಗೂ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಬಿರುಕು ಬಿಟ್ಟ ಸಿಮೆಂಟಿನ ಕೋರ್ಟು, ಬಲೆ ಹರಿದುಹೋದ ಬುಟ್ಟಿ, ಪಂದ್ಯ ನೋಡಲು ಆಟಗಾರರ ಗೆಳೆಯರು ಒಂದು ಮೂವತ್ತು ಜನ. ಆ ಚಿತ್ರವನ್ನೇ ತಲೆಯಲ್ಲಿಟ್ಟುಕೊಂಡು ಇಲ್ಲಿನ ಅಸೆಂಬ್ಲಿ ಹಾಲ್‌ಗೆ ಮೊದಲ ಸಲ ಹೋದಾಗ ಬಾಗಿಲ ಬಳಿ ನಿಂತುಬಿಟ್ಟಿದ್ದೆ. 1971ರಲ್ಲಿ ತೆರೆದ ಆ ಕಟ್ಟಡದೊಳಗೆ ಸುಮಾರು 17,000 ಜನ ಕೂರುತ್ತಾರೆ. ಎರಡೂ ಪಕ್ಕದ ಆಸನಗಳು ಎಷ್ಟು ಕಡಿದಾಗಿ ಏರುತ್ತವೆಂದರೆ ಮೇಲಿನ ಸಾಲಿನಲ್ಲಿ ಕೂತವರಿಗೆ ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ಕೋರ್ಟು ಕಾಣುತ್ತದೆ. ಕೆಂಪು–ಬಿಳಿ ಪಟ್ಟೆಯ ಪ್ಯಾಂಟು ತೊಟ್ಟ ಹುಡುಗರು ಅಭ್ಯಾಸಕ್ಕೆ ಓಡಿಬಂದರು. ಆಮೇಲೆ ಆ ಪ್ಯಾಂಟು ಕಳಚಿ ಜೆರ್ಸಿಯಲ್ಲಿ ನಿಂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎದೆಯ ಮೇಲೆ ಇಂಡಿಯಾನಾ ಎಂದಿತ್ತು. ಬೆನ್ನ ಮೇಲೆ ಬರೀ ಸಂಖ್ಯೆ. ಯಾರ ಹೆಸರೂ ಇರಲಿಲ್ಲ.

ಅಂದು ನನ್ನನ್ನು ಕರೆದೊಯ್ದವರು ಪಕ್ಕದ ಮನೆಯ ಅಜ್ಜ. ಸುಣ್ಣಕಲ್ಲಿನ ಕ್ವಾರಿಯಲ್ಲಿ ಆಯುಷ್ಯವೆಲ್ಲ ದುಡಿದವರು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೊದಿಸಿದ ಕಲ್ಲು ಈ ಸೀಮೆಯದು ಎಂದು ಹೊಸಬರಿಗೆಲ್ಲ ಹೇಳುವುದು ಅವರಿಗೆ ಇಷ್ಟ. ಕಣ್ಣೆದುರಿಗೇ ಪಂದ್ಯ ನಡೆಯುತ್ತಿದ್ದರೂ ಒಂದು ಕಿವಿಯಲ್ಲಿ ರೇಡಿಯೊ ಸಿಕ್ಕಿಸಿಕೊಂಡೇ ಕೂರುತ್ತಾರೆ. 1973ರಿಂದ ಈ ತಂಡದ ವೀಕ್ಷಕ ವಿವರಣೆ ಕೊಡುತ್ತಿರುವ ಡಾನ್ ಫಿಷರ್ ದನಿ ಇಲ್ಲದೆ ಅವರಿಗೆ ಆಟ ಪೂರ್ತಿ ಕಂಡಂತಾಗುವುದಿಲ್ಲ. ಆ ದಿನ ಅವರು ಬೆರಳೆತ್ತಿ ಛಾವಣಿಯ ಕೆಳಗೆ ತೂಗುತ್ತಿದ್ದ ಐದು ಬ್ಯಾನರುಗಳನ್ನು ಒಂದೊಂದಾಗಿ ತೋರಿಸಿದರು. 1940, 1953, 1976, 1981, 1987. ಇಂಡಿಯಾನಾ ರಾಷ್ಟ್ರೀಯ ಚಾಂಪಿಯನ್ ಆದ ವರ್ಷಗಳು.

ನಿರೀಕ್ಷೆ ಹುಟ್ಟುವುದು ಆ ಬ್ಯಾನರುಗಳ ಕೆಳಗೆ. ಮುಂದಾಗುವುದನ್ನು ಲೆಕ್ಕ ಹಾಕಿ ಇಟ್ಟುಕೊಂಡ ನಿರೀಕ್ಷೆ ಇದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹಿಂದೆ ಆದದ್ದರ ನೆನಪೇ ಪ್ರತಿ ಅಕ್ಟೋಬರಿನಲ್ಲಿ ನಿರೀಕ್ಷೆಯ ಅಂಗಿ ತೊಟ್ಟು ಬರುತ್ತದೆ. 1976ರ ತಂಡ ಆಡಿದ 32 ಪಂದ್ಯಗಳನ್ನೂ ಗೆದ್ದಿತು. ಪುರುಷರ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಒಂದೂ ಸೋಲಿಲ್ಲದೆ ಚಾಂಪಿಯನ್ ಆದ ತಂಡ ಅದರ ನಂತರ ಇನ್ನೊಂದಿಲ್ಲ. ಆ ಸಾಹಸದ ಸುತ್ತ ಇಡೀ ರಾಜ್ಯದ ಹುಚ್ಚಿದೆ. 1954ರಲ್ಲಿ ಮೈಲನ್ ಎಂಬ ಪುಟ್ಟ ಊರಿನ, 161 ವಿದ್ಯಾರ್ಥಿಗಳ ಹೈಸ್ಕೂಲು, ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಶಾಲೆಯನ್ನು ಕೊನೆಯ ಗಳಿಗೆಯ ಒಂದು ಎಸೆತದಿಂದ 32–30ರಲ್ಲಿ ಸೋಲಿಸಿ ರಾಜ್ಯದ ಕಿರೀಟ ಗೆದ್ದಿತು. ಮುಂದೆ ಅದರ ಎಳೆ ಹಿಡಿದು ಸಿನಿಮಾವನ್ನೇ ಮಾಡಿದರು. ಜೋಳದ ಹೊಲದ ನಡುವಿನ ಕೊಟ್ಟಿಗೆಯ ಗೋಡೆಗೂ ಇಲ್ಲಿ ಒಂದು ಬುಟ್ಟಿ ಹೊಡೆದಿರುತ್ತದೆ. ಇಂಥ ನೆಲದಲ್ಲಿ ಕಾಲೇಜು ತಂಡವೆಂದರೆ ಬರೀ ವಿದ್ಯಾರ್ಥಿಗಳ ತಂಡವಲ್ಲ, ಊರಮಂದಿಯ ಮನೆತನದ ಸಂಗತಿ.

1987ರ ಬ್ಯಾನರ್ ಏರಿ 2025ಕ್ಕೆ 38 ವರ್ಷ. ಹದಿನೆಂಟು ಸೀಸನ್ ಕಾದು 2025ರ ಜೂನ್‌ನಲ್ಲಿ ಆರ್‌ಸಿಬಿ ಕಪ್ ಎತ್ತಿದ್ದನ್ನು ಕಂಡವರಿಗೆ ಕಾಯುವುದೆಂದರೇನೆಂದು ನಾನು ಹೇಳಬೇಕಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಆರ್‌ಸಿಬಿ ಅಭಿಮಾನಿಗಳು ಎಂದೂ ಸಿಗದಿದ್ದಕ್ಕೆ ಕಾದರು. ಇಲ್ಲಿಯವರು ಒಮ್ಮೆ ಕೈಯಲ್ಲಿದ್ದು ಹೋದದ್ದಕ್ಕೆ ಕಾಯುತ್ತಿದ್ದಾರೆ. ಆ ಕಾಯುವಿಕೆ ಒರಟಾಗಿರುತ್ತದೆ, ಬೇಗ ಸಿಟ್ಟಿಗೇಳುತ್ತದೆ.

ಕೊನೆಯ ಮೂರು ಬ್ಯಾನರ್ ಗೆದ್ದುಕೊಟ್ಟ ಕೋಚ್ ಬಾಬ್ ನೈಟ್. 1971ರಲ್ಲಿ ಬಂದವರು, ಸಿಟ್ಟಿಗೂ ಶಿಸ್ತಿಗೂ ಅಷ್ಟೇ ಹೆಸರಾದವರು. 1985ರಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ಕುರ್ಚಿಯನ್ನೇ ಎತ್ತಿ ಕೋರ್ಟಿನತ್ತ ಎಸೆದವರು. 2000ದ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ಅಲ್ಲಿಂದೀಚೆಗೆ ಬಂದ ಪ್ರತಿಯೊಬ್ಬ ಕೋಚ್‌ನನ್ನೂ ಜನ ಅವರ ಪಕ್ಕ ನಿಲ್ಲಿಸಿಯೇ ಅಳೆದರು. ಮೈಕ್ ಡೇವಿಸ್ 2002ರಲ್ಲಿ ತಂಡವನ್ನು ಫೈನಲ್‌ವರೆಗೂ ಒಯ್ದು ಮೇರಿಲ್ಯಾಂಡ್‌ಗೆ ಸೋತರು. ಕೆಲ್ವಿನ್ ಸ್ಯಾಂಪ್ಸನ್ ನಿಯಮ ಉಲ್ಲಂಘನೆಯ ಪ್ರಕರಣದಲ್ಲಿ ಹೊರಟುಹೋದರು. ಆ ಬೂದಿಯ ಮೇಲೆ ಟಾಮ್ ಕ್ರೀನ್ ಕಟ್ಟಿದ ಮೊದಲ ತಂಡ ಗೆದ್ದದ್ದು 6, ಸೋತದ್ದು 25. ನಾನು ಈ ಆಟವನ್ನು ಮನಸ್ಸಿಗೆ ಹಚ್ಚಿಕೊಂಡದ್ದು ಆ ಸೋಲಿನ ವರ್ಷಗಳಲ್ಲೇ. 2011ರ ಡಿಸೆಂಬರ್ 10ರಂದು, ದೇಶಕ್ಕೇ ಮೊದಲ ಸ್ಥಾನದಲ್ಲಿದ್ದ ಕೆಂಟಕಿಯ ಎದುರು ಸಮಯ ಮುಗಿಯುವ ಹೊತ್ತಿಗೆ ಕ್ರಿಶ್ಚಿಯನ್ ವಾಟ್‌ಫೋರ್ಡ್ ಎಸೆದ ಚೆಂಡು ಬುಟ್ಟಿಗೆ ಬಿದ್ದು ಇಂಡಿಯಾನಾ 73–72ರಲ್ಲಿ ಗೆದ್ದಾಗ ಜನ ಕೋರ್ಟಿಗೆ ನುಗ್ಗಿದರು. ಅಜ್ಜ ಮಾತ್ರ ಕೂತಲ್ಲೇ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಆಮೇಲೆ ಮತ್ತೆ ಇಳಿಜಾರು. ಆರ್ಚಿ ಮಿಲ್ಲರ್ ಅವರ ನಾಲ್ಕು ವರ್ಷದಲ್ಲಿ ತಂಡ ಒಮ್ಮೆಯೂ ರಾಷ್ಟ್ರೀಯ ಟೂರ್ನಿ ಮುಟ್ಟಲಿಲ್ಲ. ನೈಟ್ ಗರಡಿಯಲ್ಲೇ ಆಡಿ ಬೆಳೆದ ಮೈಕ್ ವುಡ್ಸನ್ ಎರಡು ಸಲ ಮುಟ್ಟಿಸಿದರು, ಆದರೆ ಎರಡನೇ ಸುತ್ತು ದಾಟಿಸಲಿಲ್ಲ.

2025ರ ಜನವರಿಯ ಒಂದು ರಾತ್ರಿಯನ್ನು ಇಲ್ಲಿ ಹೇಳಲೇಬೇಕು. ಇಲಿನಾಯ್ ಎದುರು ನಮ್ಮ ಮನೆಯಂಗಳದಲ್ಲೇ 25 ಅಂಕಗಳಿಂದ ಸೋಲುತ್ತಿದ್ದೆವು. ಗ್ಯಾಲರಿಯಿಂದ ಕೋಚ್‌ನನ್ನು ಕಿತ್ತುಹಾಕಿ ಎಂಬ ಕೂಗು ಎದ್ದಿತು. ಕೂಗುತ್ತಿದ್ದವರು ಎದುರಾಳಿಗಳಲ್ಲ, ನಮ್ಮವರೇ. ಇದೇ ಕಟ್ಟಡದಲ್ಲಿ ಆಡಿ ಅಂಕ ಗಳಿಸಿಕೊಟ್ಟ ಮನುಷ್ಯನಿಗೆ, ಬೆಂಚಿನ ಮೇಲೆ ಕೂತ ಇಪ್ಪತ್ತರ ಹುಡುಗರ ಕಿವಿಗೆ ಬೀಳುವ ಹಾಗೆ. ನನಗೆ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಟಿಕೆಟ್ಟಿಗೆ ದುಡ್ಡು ಕೊಟ್ಟವರಿಗೆ ಬೇಸರ ಪಡುವ ಹಕ್ಕಿದೆ. ಆದರೆ ಮಕ್ಕಳ ಎದುರಿಗೆ ಮನೆಯ ಹಿರಿಯನಿಗೆ ಬೈದರೆ ಮಕ್ಕಳ ಕೈ ನಡುಗುತ್ತದೆಯೇ ಹೊರತು ಚೆಂಡು ಬುಟ್ಟಿಗೆ ಬೀಳುವುದಿಲ್ಲ. ಫೆಬ್ರವರಿಯಲ್ಲಿ ವುಡ್ಸನ್ ಸೀಸನ್ ಮುಗಿದ ಮೇಲೆ ತಾವು ಇಳಿಯುವುದಾಗಿ ಘೋಷಿಸಿದರು.

ಈಗ ಅರ್ಥವಾಗಬೇಕಾದ್ದು ಮಾರ್ಚ್ ತಿಂಗಳ ಲೆಕ್ಕ, ಏಕೆಂದರೆ ನಿರೀಕ್ಷೆಯ ಮಾತೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. 2025ರ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ್ದು 68 ತಂಡಗಳು. ಅವುಗಳಲ್ಲಿ 31 ತಂಡಗಳು ತಮ್ಮ ತಮ್ಮ ಲೀಗಿನ ಟೂರ್ನಿ ಗೆದ್ದು ನೇರ ಪ್ರವೇಶ ಪಡೆದವು. ಉಳಿದ 37 ತಂಡಗಳನ್ನು ಒಂದು ಸಮಿತಿ ಕೂತು ಆರಿಸಿ ಭಾನುವಾರ ಸಂಜೆ ಟಿವಿಯಲ್ಲಿ ಪಟ್ಟಿ ಪ್ರಕಟಿಸಿತು. ಆ ಭಾನುವಾರ ಇಲ್ಲಿನ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದಂಥ ಮೌನ. 19 ಗೆಲುವು, 13 ಸೋಲು ಕಂಡಿದ್ದ ಇಂಡಿಯಾನಾದ ಹೆಸರು ಕೊನೆಗೂ ಬರಲಿಲ್ಲ. ಅದೇ ಸಂಜೆ ವೆಸ್ಟ್ ವರ್ಜೀನಿಯಾದಲ್ಲಿ ಇನ್ನೊಬ್ಬ ಕೋಚ್ ತನ್ನ ಹುಡುಗರೊಂದಿಗೆ ಕೂತು ಅದೇ ಪಟ್ಟಿಗೆ ಕಾದಿದ್ದರು. ಅವರ ತಂಡದ ಲೆಕ್ಕವೂ 19–13. ಅವರ ಹೆಸರೂ ಬರಲಿಲ್ಲ, ಅದು ಅನ್ಯಾಯವೆಂದು ದೇಶದ ತುಂಬ ಮಾತಾಯಿತು. ಆ ಕೋಚ್ ಡೇರಿಯನ್ ಡಿವ್ರೀಸ್. ಕೆಲವೇ ದಿನಗಳಲ್ಲಿ ಇಂಡಿಯಾನಾ ಅವರನ್ನು ಕರೆತಂದಿತು. ಹೊಸ ಕೋಚ್ ಮತ್ತು ನಮ್ಮ ಊರು ಪರಿಚಯವಾಗುವ ಮೊದಲೇ ಒಂದೇ ಸಂಜೆ ಒಂದೇ ನೋವು ಉಂಡವರು ಎಂಬುದು ನನಗೆ ಶುಭಶಕುನದಂತೆ ಕಂಡಿದೆ.

ಗೆಲುವು ಸೋಲಿನ ಲೆಕ್ಕ ಒಂದೇ ಆದರೂ ಆ ಸಮಿತಿ ಕೆಲವರನ್ನು ಒಳಗೆ ಬಿಟ್ಟು ಕೆಲವರನ್ನು ಹೊರಗೆ ನಿಲ್ಲಿಸುವುದು ಹೇಗೆ? ಅದಕ್ಕೆ ನೆಟ್ ಎಂಬ ಶ್ರೇಯಾಂಕ ಪಟ್ಟಿಯಿದೆ, 2018ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಗೆಲುವಿಗೂ ತೂಕ. ಮನೆಯಂಗಳದಲ್ಲಿ 30ರೊಳಗಿನ ತಂಡವನ್ನು ಸೋಲಿಸಿದರೆ ಅದು ಮೇಲ್ದರ್ಜೆಯ ಗೆಲುವು. ಎದುರಾಳಿಯ ಊರಿಗೆ ಹೋಗಿ ಗೆದ್ದರೆ 75ನೇ ಸ್ಥಾನದ ತಂಡದ ಮೇಲಿನ ಗೆಲುವಿಗೂ ಅಷ್ಟೇ ಬೆಲೆ. ಹೀಗಾಗಿ ನವೆಂಬರಿನಲ್ಲಿ ಸಣ್ಣಪುಟ್ಟ ತಂಡಗಳನ್ನು ಮನೆಗೆ ಕರೆಸಿ 40 ಅಂಕಗಳಿಂದ ಗೆದ್ದಾಗ ಊರು ಹಬ್ಬ ಮಾಡುವುದಕ್ಕೆ ಹೆಚ್ಚು ಅರ್ಥವಿಲ್ಲ. ಜನವರಿಯ ಒಂದು ಮಂಗಳವಾರ ರಾತ್ರಿ, ಹಿಮದಲ್ಲಿ, ಅಪರಿಚಿತ ಊರಿನ ಬೈಗುಳದ ನಡುವೆ ಎರಡೇ ಎರಡು ಅಂಕದಿಂದ ಗೆದ್ದುಬಂದರೆ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

ಇನ್ನು 2025–26ರ ತಂಡ. ಹಿಂದಿನ ವರ್ಷ ಸ್ಕಾಲರ್‌ಶಿಪ್ ಪಡೆದು ಆಡಿದವರಲ್ಲಿ ಒಬ್ಬರೂ ಇದರಲ್ಲಿ ಇಲ್ಲ. ಕೆಲವರ ಓದು ಮುಗಿಯಿತು, ಉಳಿದವರು ಬೇರೆ ಕಾಲೇಜು ಸೇರಿದರು. ಹಳೆಯ ನಿಯಮದಲ್ಲಿ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ತಡೆ ತೆಗೆದರು, 2024ರಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಮುಖದಿಂದ ಹಣ ಗಳಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ಮೊದಲ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಹಂಚಬಹುದು ಎಂದಾಯಿತು. ಪರಿಣಾಮವಾಗಿ ಪ್ರತಿ ವಸಂತದಲ್ಲೂ ಇಡೀ ದೇಶದ ಆಟಗಾರರು ಗೂಡು ಬದಲಿಸುತ್ತಾರೆ. ಇದನ್ನು ಬೈಯುವವರು ಬಹಳ. ನನಗೆ ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ಇಷ್ಟು ವರ್ಷ ಈ ಹುಡುಗರ ಆಟದಿಂದ ಕೋಚ್‌ಗಳು, ಟಿವಿ ಕಂಪನಿಗಳು, ವಿಶ್ವವಿದ್ಯಾಲಯಗಳು ಎಲ್ಲರೂ ದುಡಿದುಕೊಂಡರು. ಓಡಿ ಬೆವರಿದವರ ಪಾಲಿಗೆ ಬಂದದ್ದು ಓದು, ಊಟ, ವಸತಿ. ಬೆವರಿನ ಪಾಲು ಅವರಿಗೂ ಸಿಗಲಿ. ಆದರೆ ನೋಡುವವರ ಕಷ್ಟವೂ ನಿಜ. ಒಬ್ಬ ಹುಡುಗ ಹದಿನೆಂಟಕ್ಕೆ ಬಂದು ಇಪ್ಪತ್ತೆರಡಕ್ಕೆ ಹೋಗುವಾಗ ಅವನು ಬೆಳೆದದ್ದನ್ನು ಕಂಡಿರುವ ಸಂತೋಷ ಈಗ ಅಪರೂಪ.

“ಇವರಲ್ಲಿ ನಮ್ಮವರು ಯಾರಿದ್ದಾರೆ?” ಎಂದು ಅಜ್ಜ ಬೇಸಿಗೆಯಲ್ಲಿ ಬೇಲಿಯಾಚೆಯಿಂದ ಕೇಳಿದ್ದರು. ಪಟ್ಟಿ ಓದಿ ಹೇಳಿದೆ. ಸ್ಯಾಮ್ ಹ್ಯೂಸ್ಟನ್‌ನಿಂದ ಲಮಾರ್ ವಿಲ್ಕರ್ಸನ್, ಹೋದ ಸೀಸನ್ನಿನಲ್ಲಿ ನೂರಕ್ಕೂ ಹೆಚ್ಚು ತ್ರೀ ಪಾಯಿಂಟರ್, ಅಂದರೆ ದೂರದಿಂದ ಮೂರಂಕದ ಎಸೆತ, ಹಾಕಿದವನು. ಟ್ರಾಯ್‌ನಿಂದ ಟೇಟನ್ ಕಾನರ್ವೇ, ತನ್ನ ಲೀಗಿನ ಅತ್ಯುತ್ತಮ ಆಟಗಾರ. ಡೇವಿಡ್ಸನ್‌ನಿಂದ ರೀಡ್ ಬೇಲಿ. ಚಾಂಪಿಯನ್ ಫ್ಲೋರಿಡಾ ತಂಡದಿಂದ ಸ್ಯಾಮ್ ಅಲೆಕ್ಸಿಸ್. ಕೋಚ್‌ನ ಮಗ ಟಕರ್ ಡಿವ್ರೀಸ್, ಡ್ರೇಕ್‌ನಲ್ಲಿದ್ದಾಗ ಎರಡು ವರ್ಷ ಲೀಗಿನ ಶ್ರೇಷ್ಠ ಆಟಗಾರನಾಗಿ, ಕಳೆದ ವರ್ಷ ಭುಜದ ಗಾಯದಿಂದ ಎಂಟೇ ಪಂದ್ಯಕ್ಕೆ ನಿಂತವನು. ಹೊಸದಾಗಿ ಹೈಸ್ಕೂಲು ಮುಗಿಸಿ ಬಂದ ಟ್ರೆಂಟ್ ಸಿಸ್ಲಿ ಮಾತ್ರ ಇದೇ ರಾಜ್ಯದ ದಕ್ಷಿಣ ಭಾಗದ ಹುಡುಗ. ಅಜ್ಜ ತಲೆಯಾಡಿಸಿ ಒಳಗೆ ಹೋದರು. ಅವರಿಗೆ ಸಮಾಧಾನವಾಗಿರಲಿಲ್ಲ.

ಹಾಗಾದರೆ ಈ ತಂಡದಿಂದ ಏನು ಬಯಸಬಹುದು? ಬಾಜಿ ಕಟ್ಟುವವರ ಭವಿಷ್ಯವನ್ನು ನಾನು ನಂಬುವುದಿಲ್ಲ. ಸೀಸನ್ ಶುರುವಾಗುವ ಮುಂಚಿನ ಶ್ರೇಯಾಂಕವೆಂದರೆ ಕೂಸು ಹುಟ್ಟುವ ಮುಂಚೆ ಹೊಲಿದ ಕುಲಾವಿ. 2022ರಲ್ಲಿ ನಾರ್ತ್ ಕ್ಯಾರೊಲಿನಾವನ್ನು ಮೊದಲ ಸ್ಥಾನದಲ್ಲಿಟ್ಟು ಸೀಸನ್ ಆರಂಭಿಸಿದರು. ಮಾರ್ಚ್ ಬಂದಾಗ ಆ ತಂಡಕ್ಕೆ ಟೂರ್ನಿಯ ಪ್ರವೇಶವೇ ಸಿಗಲಿಲ್ಲ. 2012ರ ಶರತ್ಕಾಲದಲ್ಲಿ ಆ ಮೊದಲ ಸ್ಥಾನ ನಮ್ಮದೇ ಆಗಿತ್ತು. ನಾವು ಸಿರಾಕ್ಯೂಸ್‌ಗೆ ಸೋತು ಕೊನೆಯ ಹದಿನಾರರಲ್ಲೇ ಮನೆಗೆ ಬಂದೆವು. ಒಂದೇ ಸೋಲಿಗೆ ಹೊರಬೀಳುವ ಟೂರ್ನಿಯಲ್ಲಿ ಒಂದು ಕೆಟ್ಟ ರಾತ್ರಿ ಇಡೀ ವರ್ಷವನ್ನು ನುಂಗುತ್ತದೆ. ನೆರೆಯ ಪರ್ಡ್ಯೂ 2023ರಲ್ಲಿ ಅಗ್ರ ಶ್ರೇಯಾಂಕದ ತಂಡವಾಗಿದ್ದು, ಹದಿನಾರನೇ ಶ್ರೇಯಾಂಕದ ಫೇರ್‌ಲೀ ಡಿಕಿನ್ಸನ್ ಕೈಯಲ್ಲಿ ಸೋತಿತು. ಮರುವರ್ಷವೇ ಫೈನಲ್ ತಲುಪಿತು. ಪರ್ಡ್ಯೂ ನಮ್ಮ ಹಗೆಯ ತಂಡ. ಆದರೂ ಆ ಸೋಲಿನ ಬಳಿಕ ಆ ಹುಡುಗರು ಮತ್ತೆ ಎದ್ದು ನಿಂತ ರೀತಿಗೆ ನಾನು ಮನಸಾರೆ ಕೈಮುಗಿದಿದ್ದೇನೆ.

ನಾನು ಈ ವರ್ಷ ಬಯಸುವುದು ಟೂರ್ನಿಯ ಪ್ರವೇಶ, ಸಾಧ್ಯವಾದರೆ ಅಲ್ಲೊಂದು ಗೆಲುವು. ಬಿಗ್ ಟೆನ್ ಎಂಬ ನಮ್ಮ ಲೀಗಿನಲ್ಲಿ ಈಗ ಇರುವುದು 18 ತಂಡಗಳು, 2025ರ ಮಾರ್ಚಿನಲ್ಲಿ ಟೂರ್ನಿಗೆ ಹೋದದ್ದು ಎಂಟು. ಈ ಲೀಗಿನಲ್ಲಿ ಆಡುತ್ತಿದ್ದ ಯಾವ ತಂಡವೂ 2000ದ ಮಿಷಿಗನ್ ಸ್ಟೇಟ್ ನಂತರ 2025ರವರೆಗೆ ರಾಷ್ಟ್ರೀಯ ಚಾಂಪಿಯನ್ ಆಗಿರಲಿಲ್ಲ. ಬಹುತೇಕ ಹೊಸದಾಗಿ ಒಂದುಗೂಡಿದ ಹುಡುಗರಿಂದ ಆರನೇ ಬ್ಯಾನರ್ ಕೇಳುವುದು ನ್ಯಾಯವಲ್ಲ. ಇದೇ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವನ್ನು ತೋರಿಸಿ “ಅವರಿಗೆ ಒಂದೇ ವರ್ಷ ಸಾಕಾಯಿತಲ್ಲ” ಎನ್ನುವವರಿದ್ದಾರೆ. ನಿಜ, 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಆ ತಂಡ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11 ಗೆದ್ದಿತು. 2025ರ ಅಕ್ಟೋಬರಿನಲ್ಲಿ ಆರೆಗಾನ್‌ಗೆ ಅದರ ಊರಲ್ಲೇ ಸೋಲುಣಿಸಿ ಬಂದಿತು. ಅಂಥ ಪವಾಡ ಕಣ್ಣೆದುರಿಗೇ ನಡೆದಾಗ ತಾಳ್ಮೆ ಕಲಿಸುವುದು ಕಷ್ಟ. ಆದರೆ ಆ ಬೆರಗನ್ನೇ ಮುಂದಿಟ್ಟುಕೊಂಡು ಪಕ್ಕದ ಹುಡುಗರನ್ನು ಅಳೆಯಬಾರದು.

ಅಣ್ಣನಿಗೆ ನಾನು ಹೇಳಿದ್ದು ಇಷ್ಟು. ಮೊದಲ ತಿಂಗಳು ಅಂಕಪಟ್ಟಿ ನೋಡಬೇಡ, ಚೆಂಡು ಕೈಯಿಂದ ಕೈಗೆ ಹೇಗೆ ಹೋಗುತ್ತದೆ ಅಂತ ನೋಡು. ಡಿವ್ರೀಸ್ ಅವರ ಆಟವೆಂದರೆ ಆಟಗಾರರು ದೂರ ದೂರ ಹರಡಿಕೊಂಡು, ಬುಟ್ಟಿಯ ಕೆಳಗೆ ಜಾಗ ತೆರವು ಮಾಡಿ, ಹೊರಗಿನಿಂದ ಮೂರು ಅಂಕಕ್ಕೆ ಎಸೆಯುವ ಆಟ. ನಮ್ಮ ತಂಡ ವರ್ಷಗಟ್ಟಲೆ ಅಲ್ಲೇ ಸೊರಗಿತ್ತು. ಎಸೆತ ತಪ್ಪಿದಾಗ ಐದೂ ಜನ ಹಿಂದಕ್ಕೆ ಓಡುತ್ತಾರೋ ಇಲ್ಲವೋ ನೋಡು, ಅದರಲ್ಲಿ ಅವರ ಒಗ್ಗಟ್ಟು ತಿಳಿಯುತ್ತದೆ. ಡಿಸೆಂಬರಿನಲ್ಲಿ ಅವರು ಲೆಕ್ಸಿಂಗ್ಟನ್‌ಗೆ ಹೋಗಿ ಕೆಂಟಕಿಯನ್ನು ಎದುರಿಸುತ್ತಾರೆ. ವಾಟ್‌ಫೋರ್ಡ್‌ನ ಆ ಎಸೆತದ ನಂತರ ಎರಡು ತಂಡಗಳ ವಾರ್ಷಿಕ ಪಂದ್ಯವೇ ನಿಂತುಹೋಗಿತ್ತು, ಈಗ ಮತ್ತೆ ಶುರು. ಸೋತರೂ ಎದೆ ಒಡೆದುಕೊಳ್ಳಬೇಡ, ಕೊನೆಯ ಐದು ನಿಮಿಷ ಹೇಗೆ ಆಡಿದರು ಅಂತ ಹೇಳು. ಅಣ್ಣ “ಆತು, ನೋಡೂಣು” ಅಂದ. ಪಂದ್ಯದ ಹೊತ್ತಿಗೆ ಧಾರವಾಡದಲ್ಲಿ ಬೆಳಗಿನ ಜಾವ. ಆದರೂ ಅವನು ಎದ್ದು ನೋಡುತ್ತಾನೆ, ನನಗೆ ಗೊತ್ತು.

ಇನ್ನು ಅಜ್ಜನ ಮಾತು, ಇವರು ನಮ್ಮವರಲ್ಲ ಎಂಬುದು. ಮೊನ್ನೆ ಅವರ ಜಗಲಿಯಲ್ಲಿ ಕೂತು 1987ರ ಫೈನಲ್ ನೆನಪಿಸಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಸಿರಾಕ್ಯೂಸ್ ಎದುರು ಇಂಡಿಯಾನಾ ಒಂದು ಅಂಕ ಹಿಂದಿತ್ತು, ಉಳಿದದ್ದು ಕೆಲವೇ ಸೆಕೆಂಡು. ಎಲ್ಲರ ಕಣ್ಣು ಸ್ಟೀವ್ ಆಲ್ಫೋರ್ಡ್ ಮೇಲೆ. ಅವನು ನ್ಯೂ ಕ್ಯಾಸಲ್‌ನ ಹುಡುಗ, ಈ ಮಣ್ಣಿನ ಮಗ, ಆ ರಾತ್ರಿ ಏಳು ತ್ರೀ ಪಾಯಿಂಟರ್ ಹಾಕಿದ್ದವನು. ಎದುರಾಳಿಗಳು ಅವನನ್ನು ಸುತ್ತುಗಟ್ಟಿದರು. ಚೆಂಡು ಎಡಬದಿಯ ಗೆರೆಯ ಹತ್ತಿರ ಕೀತ್ ಸ್ಮಾರ್ಟ್ ಕೈಸೇರಿತು. ಅವನು ಜಿಗಿದು ಎಸೆದ. 74–73. ಸ್ಮಾರ್ಟ್ ಲೂಸಿಯಾನಾದ ಹುಡುಗ. ಕ್ಯಾನ್ಸಾಸ್‌ನ ಒಂದು ಎರಡು ವರ್ಷದ ಕಾಲೇಜಿನಲ್ಲಿ ಆಡಿ ಇಲ್ಲಿಗೆ ಬಂದವನು. ಇಂಡಿಯಾನಾ ಜೆರ್ಸಿಯಲ್ಲಿ ಅದು ಅವನ ಮೊದಲ ಚಳಿಗಾಲ.

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆ ವರ್ಷ ನೈಟ್ ಹೊರಗಿನ ಕಾಲೇಜುಗಳಿಂದ ಹುಡುಗರನ್ನು ತಂದಾಗ ನಾವೂ ಕ್ವಾರಿಯಲ್ಲಿ ಊಟದ ಹೊತ್ತಿಗೆ ಗೊಣಗಿದ್ದೆವು ಎಂದು ಆಮೇಲೆ ಹೇಳಿದರು. ಒಳಗೆ ಹೋಗಿ ಒಂದು ರಟ್ಟಿನ ಚೂರು, ಪೆನ್ಸಿಲು ತಂದರು. ಜೆರ್ಸಿಯ ಬೆನ್ನ ಮೇಲೆ ಹೆಸರಿಲ್ಲವಲ್ಲ, ಸಂಖ್ಯೆ ನೋಡಿ ಗುರುತು ಹಿಡಿಯಬೇಕು. ಹೊಸ ಹುಡುಗರ ಪಟ್ಟಿಯನ್ನು ನಾನು ನಿಧಾನವಾಗಿ ಓದುತ್ತ ಹೋದೆ, ಅವರು ಕಲ್ಲು ಒಡೆದು ದಪ್ಪಗಾದ ಬೆರಳುಗಳಲ್ಲಿ ಒಂದೊಂದೇ ಸಂಖ್ಯೆ, ಪಕ್ಕದಲ್ಲಿ ಒಂದೊಂದೇ ಹೆಸರು ಬರೆದುಕೊಂಡರು. ಕಾನರ್ವೇ ಎಂಬುದನ್ನು ಎರಡು ಸಲ ಹೇಳಿಸಿಕೊಂಡರು. ವಿಲ್ಕರ್ಸನ್ ಬಂದಾಗ ಪೆನ್ಸಿಲು ನಿಂತಿತು. “76ರ ತಂಡದಲ್ಲೂ ಒಬ್ಬ ವಿಲ್ಕರ್ಸನ್ ಇದ್ದ” ಎಂದರು, “ಬಾಬಿ ಅಂತ.” ಆಮೇಲೆ ಆ ಹೆಸರನ್ನು ಉಳಿದವಕ್ಕಿಂತ ಸ್ವಲ್ಪ ಒತ್ತಿ ಬರೆದರು.